ಲೆಕ್ಕದ ಪುಸ್ತಕ ನಮ್ಮದು, ಪರದೆ ಯಾರದು?

2025ರ ಜುಲೈ ತಿಂಗಳಿನಲ್ಲಿ ಹಾವೇರಿ ನಗರದ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ತೆರಿಗೆ ನೋಟಿಸಿನ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾದದ್ದು ಸದಸ್ಯ ಬಾಂಧವರಿಗೆ ನೆನಪಿರಬಹುದು. ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ಅವರಿಗೆ ಸಂದಾಯವಾದ ಮೊತ್ತ ಸುಮಾರು 1.63 ಕೋಟಿ ರೂಪಾಯಿ. ಅದರ ಮೇಲೆ ಕೇಳಲಾದ ತೆರಿಗೆ ಸುಮಾರು 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ವಿನಾಯಿತಿಯುಳ್ಳ ಸರಕನ್ನಷ್ಟೇ ಮಾರುವವನಿಗೆ ನೋಂದಣಿಯ ಅಗತ್ಯವೂ ಇಲ್ಲ. ಇದು ಕಾನೂನು. ಆದರೆ ಬ್ಯಾಂಕಿನ ಗಣಕಯಂತ್ರಕ್ಕೆ ಹಣ ಬಂದದ್ದು ತಿಳಿಯುತ್ತದೆಯೇ ಹೊರತು, ಆ ಹಣ ಬದನೆಕಾಯಿಯದೋ ಬಿಸ್ಕತ್ತಿನದೋ ಎಂಬುದು ತಿಳಿಯುವುದಿಲ್ಲ. ಅದನ್ನು ಹೇಳಬಲ್ಲ ದಾಖಲೆ ವ್ಯಾಪಾರಿಯ ಬಳಿಯಲ್ಲಿ ಮಾತ್ರ ಇರಲು ಸಾಧ್ಯ.

ಆ ತಿಂಗಳು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಇಂಥ ನೋಟಿಸುಗಳು ಹೋದವು; ಪ್ರತಿಭಟನೆಗಳಾದವು; ಮುಖ್ಯಮಂತ್ರಿಗಳು ವ್ಯಾಪಾರಿ ಪ್ರತಿನಿಧಿಗಳ ಸಭೆ ಕರೆದು ಸಮಾಧಾನ ಹೇಳಿದರು. ಗದ್ದಲ ಅಡಗಿತು. ಆದರೆ ನನ್ನ ಮೇಜಿನ ಮುಂದೆ ಕುಳಿತು ಮೊಬೈಲು ತೋರಿಸುತ್ತಿದ್ದ ವ್ಯಾಪಾರಿಗಳ ಒಂದು ಮಾತು ಮಾತ್ರ ನನ್ನ ಮನಸ್ಸಿನಿಂದ ಅಡಗಿಲ್ಲ. “ಸಾಹೇಬ್ರ, ನನ್ನ ವ್ಯಾಪಾರದ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತೈತಲ್ರೀ!” ಮೂವತ್ತು ವರ್ಷಗಳಿಂದ ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿಸಿಕೊಂಡವನಿಗೆ ಇದಕ್ಕಿಂತ ದೊಡ್ಡ ಆಕ್ಷೇಪ ಬೇರೊಂದಿಲ್ಲ.

ನಮ್ಮ ವಹಿವಾಟಿನ ದಾಖಲೆ ಇಂದು ಪರದೆಗಳ ಮೇಲೆ ನಡೆಯುತ್ತಿದೆ. ಆ ಪರದೆಗಳನ್ನು ಕಟ್ಟುವ ವಿದ್ಯೆ, ಅಂದರೆ ಬಳಸುವವನೊಡನೆ ಪ್ರಶ್ನೋತ್ತರ ನಡೆಸಬಲ್ಲ ಸಂವಾದಶೀಲ ಅಂತರ್ಜಾಲ ತಂತ್ರಾಂಶಗಳನ್ನು ರಚಿಸುವ ವಿದ್ಯೆ, ಬೆಂಗಳೂರಿನ ಕಂಪನಿಗಳ ಸೊತ್ತು ಎಂದು ನಾವು ಸುಮ್ಮನಿದ್ದೇವೆ. ಈ ವಿದ್ಯೆಯನ್ನು ನಮ್ಮ ಅಂಗಡಿ, ಗಿರಣಿ, ಕಾರ್ಖಾನೆಗಳ ಒಳಗೇ ಯಾರಾದರೊಬ್ಬರು ಕಲಿಯಬೇಕಾದ ಕಾಲ ಬಂದಿದೆ ಎಂಬುದೇ ಈ ಲೇಖನದ ವಿನಂತಿ.

ಅನ್ಯರ ಪರದೆಗಳ ನಡುವೆ

ನಡೆದು ಬಂದ ದಾರಿಯನ್ನು ಒಮ್ಮೆ ಅವಲೋಕಿಸೋಣ. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ವ್ಯಾಟ್ ಜಾರಿಗೆ ಬಂದಾಗ ನಮ್ಮಲ್ಲಿ ಬಹುಪಾಲು ಜನರ ಲೆಕ್ಕ ಇನ್ನೂ ಕಿರ್ದಿ ಪುಸ್ತಕದಲ್ಲಿತ್ತು. 2014ರಲ್ಲಿ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಬೆಸೆಯುವ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಇಲ್ಲದೆ ಲಾರಿ ಕದಲದಂತಾಯಿತು. 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟುದಾರರಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್ ಪದ್ಧತಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರ ಬಾಗಿಲಿಗೂ ಬಂದು ನಿಂತಿತು.

ಇವೆಲ್ಲವೂ ಅಂತರ್ಜಾಲ ತಂತ್ರಾಂಶಗಳೇ. ಇವುಗಳಿಂದ ಅನುಕೂಲವಾಗಿಲ್ಲವೆಂದು ನಾನು ಹೇಳಲಾರೆ. ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತು ಕಾಯುತ್ತಿದ್ದ ದಿನಗಳನ್ನು ಕಂಡವನು ನಾನು. ಆದರೆ ಇವೆಲ್ಲದರ ಸ್ವಭಾವ ಒಂದೇ. ಅವು ನಮ್ಮನ್ನು ಕೇಳುತ್ತವೆ, ನಾವು ತುಂಬುತ್ತೇವೆ. ನಾವು ಕೇಳಬೇಕೆಂದಿರುವ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವರ್ತಕನ ಸಂಜೆಯ ಪ್ರಶ್ನೆಗಳನ್ನು ಗಮನಿಸಿ. ಯಾವ ಶೀತಲಗೃಹದಲ್ಲಿ ಯಾವ ಲಾಟ್ ಇದೆ? ಅದರಲ್ಲಿ ಡಬ್ಬಿ ಎಷ್ಟು, ಕಡ್ಡಿ ಎಷ್ಟು? ಯಾವ ದರಕ್ಕೆ ಕೊಂಡದ್ದು? ಇಂದಿನವರೆಗೆ ಅದರ ಮೇಲೆ ಬಿದ್ದ ಬಾಡಿಗೆ, ಬಡ್ಡಿ ಎಷ್ಟು? ಈ ನಾಲ್ಕು ಉತ್ತರಗಳು ನಾಲ್ಕು ಕಡೆ ಇವೆ. ಟೆಂಡರಿನ ದರ ಒಂದು ಪರದೆಯಲ್ಲಿ, ಗೋದಾಮಿನ ರಸೀದಿ ಒಂದು ಕಡತದಲ್ಲಿ, ಸಾಲದ ಲೆಕ್ಕ ಬ್ಯಾಂಕಿನಲ್ಲಿ, ಉಳಿದದ್ದು ಗುಮಾಸ್ತನ ತಲೆಯಲ್ಲಿ. ಗುಮಾಸ್ತ ಮದುವೆಗೆಂದು ನಾಲ್ಕು ದಿನ ಊರಿಗೆ ಹೋದರೆ ವ್ಯಾಪಾರದ ಅರ್ಧ ಜ್ಞಾಪಕಶಕ್ತಿಯೂ ಅವನೊಡನೆ ಬಸ್ಸು ಹತ್ತುತ್ತದೆ.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಬೆಲೆ ಕುಸಿದು, ರೈತರ ಆಕ್ರೋಶ ಮಾರುಕಟ್ಟೆ ಸಮಿತಿಯ ಕಚೇರಿಗೆ ಬೆಂಕಿ ಹಚ್ಚುವ ಮಟ್ಟಕ್ಕೆ ಹೋದದ್ದನ್ನು ನಾವಾರೂ ಮರೆತಿಲ್ಲ. ಯಾವ ತಂತ್ರಾಂಶವೂ ಬೆಲೆ ಕುಸಿತವನ್ನು ತಡೆಯಲಾರದು. ಅಂಥ ಸುಳ್ಳು ಭರವಸೆಯನ್ನು ನಾನು ಕೊಡುವುದಿಲ್ಲ. ಆದರೆ ಪರದೆ ಬೆಲೆಯನ್ನು ತೋರಿಸಿತು, ಕಾರಣವನ್ನು ತೋರಿಸಲಿಲ್ಲ. ತನ್ನ ಲಾಟಿನ ತೇವಾಂಶವೆಷ್ಟು, ಬಣ್ಣದ ದರ್ಜೆ ಯಾವುದು, ಹಿಂದಿನ ಐದು ಪೇಟೆಗಳಲ್ಲಿ ಅಂಥದೇ ಸರಕು ಏನು ದರಕ್ಕೆ ಹೋಯಿತು ಎಂಬುದನ್ನು ದಲಾಲಿ ಅಂಗಡಿಯವರು ರೈತನ ಮೊಬೈಲಿನಲ್ಲಿಯೇ ತೋರಿಸಬಲ್ಲವರಾಗಿದ್ದರೆ, ನಷ್ಟವೇನೋ ಇರುತ್ತಿತ್ತು, ಸಂಶಯ ಇಷ್ಟು ಬೆಳೆಯುತ್ತಿರಲಿಲ್ಲ ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ.

ನನ್ನದೊಂದು ತಪ್ಪು

ಈ ವಿಷಯದಲ್ಲಿ ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರಿಗೆ, ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿ ಬಳಸುವ ಸಿದ್ಧ ತಂತ್ರಾಂಶವೊಂದನ್ನು ಕೊಳ್ಳುವಂತೆ ನಾನೇ ಸಲಹೆ ಕೊಟ್ಟಿದ್ದೆ. ಪರದೆ ಚೆನ್ನಾಗಿತ್ತು, ದರವೂ ಕಡಿಮೆಯಿತ್ತು. ಮೂರನೆಯ ವರ್ಷ ಆ ಕಂಪನಿ ಬಾಗಿಲು ಹಾಕಿತು. ದತ್ತಾಂಶವನ್ನು ಕೇಳಿದಾಗ ಬಂದ ಕಡತವನ್ನು ಓದಲು ಅವರದೇ ತಂತ್ರಾಂಶ ಬೇಕಿತ್ತು. ಆ ತಂತ್ರಾಂಶವೇ ಇರಲಿಲ್ಲ! ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು, ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ನನ್ನ ಕಚೇರಿಯ ಹುಡುಗರು ಹಳೆಯ ಬಿಲ್ಲುಗಳ ಕಟ್ಟು ಬಿಚ್ಚಿ ಎರಡು ವರ್ಷದ ಲೆಕ್ಕವನ್ನು ಮತ್ತೊಮ್ಮೆ ಬೆರಳಚ್ಚು ಮಾಡಿದರು.

ಅಂದು ನಾನು ಬೆಲೆಯನ್ನು ನೋಡಿದ್ದೆ, ಒಡೆತನವನ್ನು ನೋಡಿರಲಿಲ್ಲ. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುವವನು ಕರಾರುಪತ್ರವನ್ನು ಹತ್ತು ಸಲ ಓದುತ್ತಾನೆ; ಬಾಡಿಗೆ ಪರದೆಯಲ್ಲಿ ವ್ಯಾಪಾರ ಮಾಡುವವನು “ಒಪ್ಪಿದ್ದೇನೆ” ಎಂಬ ಗುಂಡಿಯನ್ನು ಓದದೆಯೇ ಒತ್ತುತ್ತಾನೆ.

ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ ತಂತ್ರಾಂಶ

“ವ್ಯಾಪಾರಿಗೇಕೆ ಈ ಉಸಾಬರಿ?” ಎನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಇಂದು ನಮ್ಮ ಅಂಗಡಿಗಳಲ್ಲೆಲ್ಲ ಮನೆಮಾತಾಗಿರುವ ಟ್ಯಾಲಿ ಯಾವುದೋ ವಿದೇಶಿ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗಗಳನ್ನು ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. 1986ರಲ್ಲಿ ಬೆಂಗಳೂರಿನಲ್ಲಿ ಕಂಪನಿ ಪ್ರಾರಂಭವಾಯಿತು. 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀ ಸಂದಿತು.

ನಮ್ಮ ಮಕ್ಕಳೆಲ್ಲ ಟ್ಯಾಲಿಯಂಥ ಕಂಪನಿ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಅಂಗಡಿಯ ತೊಂದರೆ ಗೊತ್ತಿದ್ದವನು ಮತ್ತು ತಂತ್ರಾಂಶ ಬರೆಯಬಲ್ಲವನು ಒಂದೇ ಮನೆಯಲ್ಲಿದ್ದರು. ಅದರಿಂದಲೇ ಆ ತಂತ್ರಾಂಶ ವ್ಯಾಪಾರಿಯ ಭಾಷೆಯಲ್ಲಿ ಮಾತನಾಡಿತು ಎಂಬುದಷ್ಟೇ ಇಲ್ಲಿನ ಪಾಠ. “ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂಬ ಗಾದೆಯಲ್ಲಿ ನಾವು ಉತ್ತಮವನ್ನು ಬಿಟ್ಟು, ಮಧ್ಯಮವನ್ನೂ ದಾಟಿ, ನೇರವಾಗಿ ಮೂರನೆಯದಕ್ಕೆ ಹಣ ಕಟ್ಟುತ್ತಿದ್ದೇವೆ.

ಏನಿದು ಈ ವಿದ್ಯೆ?

ತಾಂತ್ರಿಕ ಪರಿಭಾಷೆಗೆ ಹೆದರಬೇಕಾದದ್ದಿಲ್ಲ. ಮೊದಮೊದಲಿನ ಜಾಲಪುಟಗಳು ಅಂಚೆಯ ಕಾಗದದಂತಿದ್ದವು. ನಮೂನೆ ತುಂಬಿ ಕಳುಹಿಸಬೇಕು. ಆ ಕಡೆಯಿಂದ ಇಡೀ ಹೊಸ ಪುಟ ಬರುವವರೆಗೆ ಕಾಯಬೇಕು. ಒಂದು ಅಂಕಿ ತಪ್ಪಿದ್ದರೆ ಮತ್ತೆ ಮೊದಲಿನಿಂದ. ಬ್ರೌಸರಿನೊಳಗೇ ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಕೇವಲ ಹತ್ತು ದಿನಗಳಲ್ಲಿ ರೂಪಿಸಿದರು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಜಗತ್ತಿಗೆ ಇದರ ಶಕ್ತಿ ತಿಳಿಯಿತು. ಈಗ ಪುಟ ಇದ್ದಲ್ಲೇ ಇರುತ್ತದೆ, ಬೇಕಾದ ಸಾಲು ಮಾತ್ರ ಹೋಗಿ ಬರುತ್ತದೆ. ಗಿರಾಕಿ ಒಂದು ಸೀರೆ ಕೇಳಿದರೆ ಅಂಗಡಿಯ ಹುಡುಗ ಇಡೀ ಗೋದಾಮನ್ನು ಹೊತ್ತು ತರುವುದಿಲ್ಲ, ಆ ಒಂದು ಕಟ್ಟನ್ನು ಮಾತ್ರ ತರುತ್ತಾನೆ. ಸಂವಾದಶೀಲ ತಂತ್ರಾಂಶವೆಂದರೆ ಇಷ್ಟೇ.

ಕಲಿಯಬೇಕಾದದ್ದು ಐದು ಅಂಗಗಳು. ಪುಟದ ಚೌಕಟ್ಟು ಕಟ್ಟಲು ಎಚ್‌ಟಿಎಂಎಲ್. ಅದಕ್ಕೆ ಅಂದ ಕೊಡಲು ಸಿಎಸ್‌ಎಸ್. ಅದು ಉತ್ತರಿಸುವಂತೆ ಮಾಡಲು ಜಾವಾಸ್ಕ್ರಿಪ್ಟ್. ಆ ಕಡೆ ಕುಳಿತು ಲೆಕ್ಕ ಪರಿಶೀಲಿಸುವ ಸರ್ವರ್. ದಾಖಲೆ ಇಡುವ ಡೇಟಾಬೇಸ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲ ಮೂರು ಗಲ್ಲಾಪೆಟ್ಟಿಗೆಯ ಮುಂದಿನ ಕೆಲಸ, ಉಳಿದೆರಡು ಮುನೀಮರ ಕೆಲಸ. ಇನ್ನೊಂದು ಮಾತು. ಪ್ರತಿ ತಿಂಗಳು ಜಿಎಸ್‌ಟಿ ಪೋರ್ಟಲಿಗೆ ಏರಿಸಲು “ಜೇಸನ್ ಫೈಲ್” ತಯಾರಿಸುತ್ತೇವಲ್ಲ, ಆ ಜೇಸನ್ ಎಂಬುದು ಜಾವಾಸ್ಕ್ರಿಪ್ಟ್ ಭಾಷೆಯಿಂದಲೇ ಬಂದ ಬರವಣಿಗೆಯ ಕ್ರಮ. ಅಂದರೆ ಈ ವಿದ್ಯೆಯ ಒಂದು ತುಣುಕು ಈಗಾಗಲೇ ನಮ್ಮ ಕಚೇರಿಯ ಕಪಾಟಿನಲ್ಲಿದೆ.

ಹಲಗೇರಿಯ ಹುಡುಗಿ ಕಲಿತದ್ದು

ಮಾತಿಗಿಂತ ಅನುಭವ ಮೇಲು. ನಾನು ಹುಟ್ಟಿದ ಹಲಗೇರಿಯಿಂದ ದಿನವೂ ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಬಂದು ನಮ್ಮ ಕಚೇರಿಯಲ್ಲಿ ಸಹಾಯಕಿಯಾಗಿ ಕೆಲಸ ಮಾಡುವ ಬಿ.ಕಾಂ. ಪದವೀಧರೆಯೊಬ್ಬಳು ಈ ವಿದ್ಯೆಯನ್ನು ಕಲಿಯುವ ಆಸೆ ವ್ಯಕ್ತಪಡಿಸಿದಳು. ಸಂಜೆ ಕೆಲಸ ಮುಗಿದ ಮೇಲೆ ಒಂದು ಗಂಟೆ, ಭಾನುವಾರ ಅರ್ಧ ದಿನ, ಒಂದು ಹಳೆಯ ಗಣಕಯಂತ್ರ. ಇಷ್ಟೇ ನಾನು ಕೊಟ್ಟ ಸೌಲಭ್ಯ. ಕಲಿಯಲು ಪಾಠಗಳಿಗೆ ಕೊರತೆಯಿಲ್ಲ. ಮೊಜಿಲ್ಲಾ ಸಂಸ್ಥೆಯ ಪಾಠಗಳು ಅಂತರ್ಜಾಲದಲ್ಲಿ ಉಚಿತ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಪಾಠಗಳೂ ಇವೆ.

ಅವಳು ಆರಿಸಿಕೊಂಡ ಕೆಲಸ ನಮ್ಮ ಊರಿನದೇ. ಹಲಗೇರಿ ರಸ್ತೆಯ ಒಂದು ಸಣ್ಣ ಬೀಜೋತ್ಪಾದನಾ ಘಟಕ ಸುತ್ತಲಿನ ಹಳ್ಳಿಗಳ ರೈತರಿಗೆ ಮೂಲಬೀಜ ಮತ್ತು ಮುಂಗಡ ಹಣ ಕೊಟ್ಟು ಹೈಬ್ರಿಡ್ ತರಕಾರಿ ಬೀಜ ಬೆಳೆಸುತ್ತದೆ. ಬೀಜ ಬಂದ ಮೇಲೆ ಲಾಟ್ ಸಂಖ್ಯೆ, ಮೊಳಕೆ ಪರೀಕ್ಷೆ, ತಳಿಶುದ್ಧತೆಯ ಪರೀಕ್ಷೆ. ಫಲಿತಾಂಶ ಬಂದ ನಂತರವೇ ಹಣ ಪಾವತಿ. “ನನ್ನ ಲಾಟ್ ಪಾಸಾತೇನ್ರೀ?” ಎಂದು ಕೇಳಲು ರೈತ ಒಂದು ದಿನದ ಕೆಲಸ ಬಿಟ್ಟು ಬರುತ್ತಿದ್ದ, ಕಡತ ಹುಡುಕುವಷ್ಟರಲ್ಲಿ ಸಂಜೆಯ ಬಸ್ಸು ಹೋಗುತ್ತಿತ್ತು.

ಮೊದಲ ಎರಡು ತಿಂಗಳು ನಮೂನೆ ಬರೆಯುವುದು, ಮುಂದಿನ ಎರಡು ತಿಂಗಳು ಲೆಕ್ಕ ಮಾಡಿಸುವುದು, ಬಳಿಕ ಸರ್ವರ್ ಮತ್ತು ಡೇಟಾಬೇಸ್. ಹೀಗೆ ಸಾಗಿದ ಆ ಕಲಿಕೆಯಲ್ಲಿ ಅವಳು ಎಡವಿದ ನಾಲ್ಕು ಜಾಗಗಳನ್ನು ಇಲ್ಲಿ ದಾಖಲಿಸುತ್ತೇನೆ. ಪಾಠಗಳಿಗಿಂತ ಎಡವಿದ ಜಾಗಗಳೇ ಹೆಚ್ಚು ಕಲಿಸಿದವು.

ಮೊದಲನೆಯದು ಪೈಸೆಯ ವ್ಯತ್ಯಾಸ. ಜಾವಾಸ್ಕ್ರಿಪ್ಟಿನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ಯಂತ್ರ ದಶಮಾಂಶವನ್ನು ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರ ಫಲ ಇದು. ತಾಳೆಯಾಗದ ಒಂದು ಪೈಸೆಗಾಗಿ ರಾತ್ರಿಯಿಡೀ ಕುಳಿತ ಹಳೆಯ ಗುಮಾಸ್ತರ ಕಥೆ ಅವಳಿಗೆ ಹೇಳಿದೆ. ಹಣವನ್ನು ರೂಪಾಯಿಯಲ್ಲಿಡದೆ ಪೈಸೆಯ ಪೂರ್ಣಾಂಕದಲ್ಲಿ ಇಡುವುದೇ ಪರಿಹಾರವೆಂದು ಅವಳು ಕಂಡುಕೊಂಡಳು.

ಎರಡನೆಯದು ನಂಬಿಕೆಯ ಪ್ರಶ್ನೆ. ಮೊತ್ತವನ್ನು ಬ್ರೌಸರಿನಲ್ಲಿಯೇ ಕೂಡಿಸಿ ಸರ್ವರಿಗೆ ಕಳುಹಿಸಿದ್ದಳು. ಬ್ರೌಸರು ಬಳಸುವವನ ಕೈಯಲ್ಲಿರುವ ವಸ್ತು. ಬಲ್ಲವನು ಅಲ್ಲಿನ ಅಂಕಿಯನ್ನು ತಿದ್ದಬಹುದು. ಗುಮಾಸ್ತ ಕೂಡಿದ್ದನ್ನು ಮುನೀಮ ಮತ್ತೆ ಕೂಡಿ ನೋಡುವಂತೆ ಸರ್ವರ್ ಪ್ರತಿಯೊಂದನ್ನೂ ತಾನೇ ಲೆಕ್ಕ ಹಾಕಬೇಕು.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ನೆಟ್‌ವರ್ಕ್ ಹೋದ ಹೊತ್ತಿನಲ್ಲಿ “ಪಾವತಿಸಿ” ಗುಂಡಿ ಒತ್ತಿದರು. ಏನೂ ಆಗಲಿಲ್ಲವೆಂದು ಮತ್ತೊಮ್ಮೆ ಒತ್ತಿದರು. ಸಂಪರ್ಕ ಮರಳಿದಾಗ ಒಬ್ಬನೇ ರೈತನಿಗೆ ಎರಡು ಪಾವತಿ ಬರೆದಿತ್ತು. ಪುಣ್ಯಕ್ಕೆ ಅದು ಪರೀಕ್ಷೆಯ ಹಂತ. ನಮ್ಮ ಕಿರ್ದಿಯಲ್ಲಿ ಇದಕ್ಕೆ ಉತ್ತರ ಎಂದೋ ಇದೆ. ಮೊದಲು ವೋಚರ್ ಸಂಖ್ಯೆ, ಆಮೇಲೆ ಹಣ. ಪ್ರತಿ ಪಾವತಿಗೂ ಕಳುಹಿಸುವ ಮೊದಲೇ ಸಂಖ್ಯೆ ಕೊಟ್ಟರೆ, ಅದೇ ಸಂಖ್ಯೆ ಎರಡನೆಯ ಸಲ ಬಂದಾಗ ಸರ್ವರ್ ತಿರಸ್ಕರಿಸುತ್ತದೆ. ಸಂಪರ್ಕವಿಲ್ಲದಾಗ ನಮೂದನ್ನು ಬ್ರೌಸರಿನಲ್ಲಿಯೇ ಕಾಯ್ದಿಟ್ಟು, ಸಂಪರ್ಕ ಬಂದೊಡನೆ ಕಳುಹಿಸುವ ವ್ಯವಸ್ಥೆಯನ್ನೂ ನಂತರ ಸೇರಿಸಿದಳು. ನಮ್ಮ ಹಳ್ಳಿಗಳಿಗೆ ಇದಿಲ್ಲದ ತಂತ್ರಾಂಶ ಒಲೆಯಿಲ್ಲದ ಅಡುಗೆಮನೆಯಂತೆ.

ನಾಲ್ಕನೆಯದು ಕನ್ನಡ. ಹಳೆಯ ರೈತರ ಪಟ್ಟಿ ಯೂನಿಕೋಡ್ ಪೂರ್ವದ ಅಕ್ಷರಶೈಲಿಯಲ್ಲಿತ್ತು. ಹೆಸರು ಕಣ್ಣಿಗೆ ಕಾಣುತ್ತಿತ್ತು, ಹುಡುಕಿದರೆ ಸಿಗುತ್ತಿರಲಿಲ್ಲ. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ರೈತ ತನ್ನ ಹೆಸರನ್ನು ತನ್ನ ಲಿಪಿಯಲ್ಲಿಯೇ ಕಂಡ.

ಇಂದು ಆ ಘಟಕದ ಮಾಲೀಕರು ಪರೀಕ್ಷೆಯ ಫಲಿತಾಂಶ ನಮೂದಿಸಿದ ಕ್ಷಣ ರೈತನ ಪುಟದಲ್ಲಿ ಅದು ಕಾಣುತ್ತದೆ. ದೊಡ್ಡ ಸಾಧನೆಯೆಂದು ಜಂಬ ಕೊಚ್ಚುವಂಥದ್ದಲ್ಲ. ಆದರೆ ರೈತನ ಒಂದು ದಿನದ ಕೂಲಿ ಉಳಿದಿದೆ. ದತ್ತಾಂಶ ಮಾಲೀಕರ ಕೈಯಲ್ಲಿದೆ. ಅದನ್ನು ಕಟ್ಟಿದವಳು ಇನ್ನೂ ಹಲಗೇರಿಯ ಬಸ್ಸಿನಲ್ಲಿಯೇ ಮನೆಗೆ ಹೋಗುತ್ತಾಳೆ.

ಉಪಕರಣ ಅಳಿಯುತ್ತದೆ, ತತ್ತ್ವ ಉಳಿಯುತ್ತದೆ

ಕಲಿಯುವವರಿಗೆ ಒಂದು ಎಚ್ಚರಿಕೆ. ಈ ಕ್ಷೇತ್ರದಲ್ಲಿ ಉಪಕರಣಗಳ ಆಯುಷ್ಯ ಕಡಿಮೆ. ಒಂದು ಕಾಲಕ್ಕೆ ಸಂವಾದಶೀಲ ಪುಟವೆಂದರೆ ಫ್ಲ್ಯಾಶ್ ಎಂದೇ ಅರ್ಥವಿತ್ತು. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಂತಿತು. 2007ರಲ್ಲಿ ಮೈಕ್ರೋಸಾಫ್ಟ್ ತಂದ ಸಿಲ್ವರ್‌ಲೈಟ್ 2021ರ ಅಕ್ಟೋಬರಿನಲ್ಲಿ ಮುಗಿಯಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ 2022ರ ಜೂನ್ 15ರಂದು ನಿವೃತ್ತಿಯಾಯಿತು. ಅವುಗಳನ್ನಷ್ಟೇ ಕಲಿತವರು ಬೀದಿಗೆ ಬಿದ್ದರು. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಡೇಟಾಬೇಸುಗಳ ಮೂಲತತ್ತ್ವ ಕಲಿತವರು ಉಳಿದುಕೊಂಡರು.

ಇದು ನಮಗೆ ಹೊಸ ಪಾಠವೇನಲ್ಲ. 1494ರಲ್ಲಿ ವೆನಿಸ್ಸಿನಲ್ಲಿ ಲೂಕಾ ಪಾಚೋಲಿ ಜೋಡಿ ನಮೂದಿನ ಪದ್ಧತಿಯನ್ನು ಅಚ್ಚು ಹಾಕಿಸಿದರು. ಪುಸ್ತಕ ಹೋಗಿ ಗಣಕಯಂತ್ರ ಬಂದರೂ, ವ್ಯಾಟ್ ಹೋಗಿ ಜಿಎಸ್‌ಟಿ ಬಂದರೂ, ಜಮಾ-ಖರ್ಚಿನ ತತ್ತ್ವ ಬಲ್ಲವನು ಎಂದೂ ನಿರುದ್ಯೋಗಿಯಾಗಲಿಲ್ಲ.

ಇದಕ್ಕೆ ಇನ್ನೂ ಹತ್ತಿರದ ನಿದರ್ಶನ 2025ರ ಸೆಪ್ಟೆಂಬರ್ 22. ಅಂದು ಜಿಎಸ್‌ಟಿಯ ದರಗಳು ಬದಲಾದವು. ಶೇಕಡಾ 12 ಮತ್ತು 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು 5 ಮತ್ತು 18ಕ್ಕೆ ಇಳಿದವು. ದರವನ್ನು ಕೋಷ್ಟಕದಲ್ಲಿ “ಈ ದಿನಾಂಕದಿಂದ ಈ ದರ” ಎಂದು ಇಟ್ಟವರು ಸಾಲುಗಳನ್ನು ಸೇರಿಸಿ ಮುಗಿಸಿದರು. ದರವನ್ನು ತಂತ್ರಾಂಶದ ಹೊಟ್ಟೆಯೊಳಗೆ ಹೂತಿಟ್ಟವರು, ಬರೆದುಕೊಟ್ಟವನಿಗೆ ಫೋನು ಮಾಡುತ್ತ ಕುಳಿತರು. ಹಳೆಯ ಬಿಲ್ಲಿನ ಮೇಲೆ ಸರಕು ಮರಳಿ ಬಂದಾಗ ಹಳೆಯ ದರವೇ ಬೇಕು. ಅದನ್ನು ಅಳಿಸಿಬಿಟ್ಟವರ ಫಜೀತಿ ಕೇಳುವಂತಿಲ್ಲ.

ಕೃತಕ ಬುದ್ಧಿಮತ್ತೆ ಇರುವಾಗ ಕಲಿಯುವುದೇಕೆ?

ಈ ಪ್ರಶ್ನೆಯನ್ನು ಇತ್ತೀಚೆಗೆ ಎಲ್ಲರೂ ಕೇಳುತ್ತಾರೆ. ಯಂತ್ರಕ್ಕೆ ಹೇಳಿದರೆ ಅದೇ ತಂತ್ರಾಂಶ ಬರೆದುಕೊಡುವುದು ನಿಜ. ನಮ್ಮ ಹುಡುಗಿಯೂ ಅದರ ಸಹಾಯ ಪಡೆದಿದ್ದಾಳೆ. ಅದರಿಂದ ವೇಗ ಬಂದಿದೆ, ಕಲಿಕೆ ಸುಲಭವಾಗಿದೆ. ಆದರೆ ಮೇಲೆ ಹೇಳಿದ ಪೈಸೆಯ ದೋಷವನ್ನೂ ಎರಡು ಪಾವತಿಯ ದೋಷವನ್ನೂ ಯಾರು ಹಿಡಿಯಬೇಕು? ಚೆಕ್ ಬರೆಯುವವನು ಗುಮಾಸ್ತನಿರಬಹುದು, ಸಹಿ ಮಾಡುವವನಿಗೆ ಓದಲು ಬರಬೇಕು. ಓದಲು ಬಾರದ ಮಾಲೀಕನಿಗೆ ಗುಮಾಸ್ತ ಎಷ್ಟು ಚುರುಕಾದರೆ ಅಷ್ಟು ಅಪಾಯ. ಬರೆಯುವ ಶ್ರಮ ಕಡಿಮೆಯಾಗಿರುವುದರಿಂದಲೇ ಓದಿ ಪರಿಶೀಲಿಸುವ ವಿದ್ಯೆಯ ಬೆಲೆ ಏರಿದೆ.

ಏನನ್ನು ಕಟ್ಟಬಾರದು

ಉತ್ಸಾಹದಲ್ಲಿ ವಿವೇಕ ಮರೆಯಬಾರದು. ಜಿಎಸ್‌ಟಿ ರಿಟರ್ನ್, ವೇತನಪಟ್ಟಿ, ಮುಖ್ಯ ಲೆಕ್ಕಪುಸ್ತಕ ಇವುಗಳಿಗೆ ಪೇಟೆಯಲ್ಲಿ ಸಿಗುವ ಪರೀಕ್ಷಿತ ತಂತ್ರಾಂಶವನ್ನೇ ಕೊಳ್ಳಿರಿ. ಕಾನೂನು ಬದಲಾದಾಗಲೆಲ್ಲ ಅದನ್ನು ತಿದ್ದುವ ಹೊಣೆ ನಿಮಗೆ ಬೇಡ. ಕಂಪನಿಯಾಗಿ ನೋಂದಾಯಿಸಿದವರು 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಹಣ ಪಾವತಿಯ ದ್ವಾರವನ್ನಂತೂ ನೀವಾಗಿ ಕಟ್ಟಲು ಹೋಗಲೇಬೇಡಿ.

ಪೇಟೆಯಲ್ಲಿ ಸಿಗದಂಥದ್ದನ್ನು ಮಾತ್ರ ಕಟ್ಟಿರಿ. ಶೀತಲಗೃಹದ ಲಾಟುಗಳು, ಬೀಜ ಬೆಳೆಗಾರರ ಲೆಕ್ಕ, ಹತ್ತಿ ಗಿರಣಿಯ ಸರದಿ, ನೇಕಾರರಿಗೆ ಕೊಟ್ಟ ನೂಲು ಮತ್ತು ಮರಳಿ ಬಂದ ಬಟ್ಟೆಯ ತಾಳೆ. ಇಂಥ ಪ್ರಶ್ನೆಗಳಿಗೆ ಬೆಂಗಳೂರಿನವರು ತಂತ್ರಾಂಶ ಬರೆಯುವುದಿಲ್ಲ. ಅವರಿಗೆ ನಮ್ಮ ಪ್ರಶ್ನೆಯೇ ಗೊತ್ತಿಲ್ಲ. ಕಟ್ಟುವಾಗ ಮೂರು ನಿಯಮಗಳನ್ನು ಪಾಲಿಸಿರಿ. ಯಾವ ನಮೂದನ್ನೂ ಅಳಿಸುವ ಗುಂಡಿ ಇರಬಾರದು, ತಪ್ಪಾದರೆ ಎದುರು ನಮೂದು ಬರೆಯಬೇಕು. ಪ್ರತಿ ರಾತ್ರಿ ದತ್ತಾಂಶದ ಪ್ರತಿ ಬೇರೆಡೆ ಉಳಿಯಬೇಕು. ಯಾರು, ಯಾವಾಗ, ಏನು ಬರೆದರೆಂಬುದು ದಾಖಲಾಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯನ್ನು ನಿಗದಿತ ಪ್ರಮಾಣಪತ್ರದೊಡನೆ ಸಾಕ್ಷ್ಯವಾಗಿ ಒಪ್ಪುತ್ತದೆ. ನೋಟಿಸು ಬಂದ ದಿನ ಇಂಥ ದಾಖಲೆ ನಿಮ್ಮ ಪರವಾಗಿ ಮಾತನಾಡುತ್ತದೆ.

ನಮ್ಮ ಸಂಸ್ಥೆಗೆ ಒಂದು ಸಲಹೆ

ಒಬ್ಬೊಬ್ಬರೇ ಮಾಡುವುದು ಕಷ್ಟವಾದುದನ್ನು ಒಟ್ಟಾಗಿ ಮಾಡಲೆಂದೇ ವಾಣಿಜ್ಯ ಸಂಸ್ಥೆಗಳಿರುವುದು. ನಮ್ಮ ಸಂಸ್ಥೆಯ ಸಭಾಂಗಣ ಭಾನುವಾರಗಳಂದು ಖಾಲಿಯಿರುತ್ತದೆ. ಹಾವೇರಿಯಲ್ಲಿಯೂ ರಾಣೇಬೆನ್ನೂರಿನಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ವಿಷಯ ಹುಡುಕುತ್ತಿರುತ್ತಾರೆ. ಸದಸ್ಯರು ತಮ್ಮ ನಿಜವಾದ ಒಂದೊಂದು ತೊಂದರೆಯನ್ನು ಅವರ ಮುಂದಿಡಲಿ. ಪ್ರತಿ ವಿದ್ಯಾರ್ಥಿಯ ಜೊತೆ ಅಂಗಡಿಯಿಂದ ಒಬ್ಬ, ಮಗನೋ ಮಗಳೋ ಗುಮಾಸ್ತನೋ, ಕಡ್ಡಾಯವಾಗಿ ಕುಳಿತು ಕಲಿಯಲಿ. ವಿದ್ಯಾರ್ಥಿ ಪದವಿ ಪಡೆದು ಹೋದ ಮೇಲೂ ತಂತ್ರಾಂಶವನ್ನು ನಡೆಸಬಲ್ಲವರು ಅಂಗಡಿಯಲ್ಲಿ ಉಳಿಯಬೇಕು. ಇಲ್ಲವಾದರೆ ನನ್ನ ಹಳೆಯ ತಪ್ಪನ್ನೇ ಅಗ್ಗದ ದರದಲ್ಲಿ ಮತ್ತೊಮ್ಮೆ ಮಾಡಿದಂತಾದೀತು. ಸರ್ವರಿನ ವೆಚ್ಚವನ್ನು ಹತ್ತು ಸದಸ್ಯರು ಹಂಚಿಕೊಳ್ಳಬಹುದು. ಮತ್ತು ಕೆಲಸ ಮಾಡಿದ ಹುಡುಗರಿಗೆ ತಕ್ಕ ಸಂಭಾವನೆ ಕೊಡಬೇಕು. “ಕಲಿಯುತ್ತಾರಲ್ಲ, ಸಾಕು” ಎನ್ನುವ ಜಿಪುಣತನವೇ ನಮ್ಮ ಮಕ್ಕಳನ್ನು ರಾತ್ರಿಯ ಬಸ್ಸು ಹತ್ತಿಸಿ ಬೆಂಗಳೂರಿಗೆ ಕಳುಹಿಸುತ್ತಿದೆ.

ಹಲಗೇರಿಯಲ್ಲಿ ನಮ್ಮ ತಂದೆಯವರ ಸಣ್ಣ ಕಿರಾಣಿ ಅಂಗಡಿಯಿತ್ತು. ದೀಪಾವಳಿಯ ಪಾಡ್ಯದಂದು ಹೊಸ ಕಿರ್ದಿ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜಿಸಿ, ಮೊದಲ ಪುಟದಲ್ಲಿ ಶ್ರೀಕಾರವನ್ನು ತಾವೇ ಬರೆಯುತ್ತಿದ್ದರು. ವರ್ಷವಿಡೀ ಲೆಕ್ಕ ಬರೆಯುವವರು ಬೇರೆಯವರೇ ಆದರೂ ಆ ಮೊದಲ ಅಕ್ಷರವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಪುಸ್ತಕ ಯಾರದೆಂಬುದು ಆ ಅಕ್ಷರದಿಂದ ತಿಳಿಯುತ್ತಿತ್ತು. ಇಂದು ಪಾಡ್ಯದ ದಿನ ನಾವು ಗಣಕಯಂತ್ರಕ್ಕೂ ಹೂವು ಏರಿಸುತ್ತೇವೆ. ಬರುವ ಪಾಡ್ಯದ ಹೊತ್ತಿಗೆ ಆ ಪರದೆಯ ಒಂದು ಪುಟವನ್ನಾದರೂ ನಮ್ಮ ಮನೆಯ ಕೈ ಬರೆದಿರಲಿ ಎಂಬುದು ನನ್ನ ಕಳಕಳಿಯ ವಿನಂತಿ.